ಮಗಳು ಕಾಲೇಜು ಸಾಫ್ಟ್‌ಬಾಲ್ ಕೋಚ್ ಆಗಬೇಕಂತೆ, ಆ ದಾರಿ ಹೇಗಿರುತ್ತದೆ?

ಡಲ್ಲಾಸ್ ಅಮ್ಮ:

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು, ಹದಿನಾರು ವರ್ಷದಿಂದ ಡಲ್ಲಾಸ್ ಹತ್ತಿರ ಇದ್ದೇವೆ. ಮಗಳು ಈಗ ಹನ್ನೊಂದನೇ ಕ್ಲಾಸು. ಎಂಟು ವರ್ಷದವಳಿದ್ದಾಗ ಪಕ್ಕದ ಮನೆಯ ಹುಡುಗಿ ಜೊತೆ ಬೇಸ್‌ಬಾಲ್ ಥರದ ಈ ಸಾಫ್ಟ್‌ಬಾಲ್ ಆಡಲು ಹೋದವಳು ಇವತ್ತಿನವರೆಗೂ ಬಿಟ್ಟಿಲ್ಲ, ಈಗ ಶಾಲೆಯ ತಂಡದಲ್ಲಿ ಕ್ಯಾಚರ್ (ಬ್ಯಾಟ್ ಹಿಡಿದವಳ ಹಿಂದೆ ಕೂತು ಚೆಂಡು ಹಿಡಿಯುವವಳು), ಬೇಸಿಗೆಯಲ್ಲಿ ಟ್ರಾವೆಲ್ ಬಾಲ್, ಅಂದರೆ ಊರೂರು ತಿರುಗಿ ಆಡುವ ಕ್ಲಬ್ ಪಂದ್ಯ. ಇಲ್ಲಿಯವರೆಗೆ ಸರಿ. ಹೋದ ವಾರ ಊಟಕ್ಕೆ ಕೂತಾಗ, ನಾನು ಬರೀ ಆಡುವುದಿಲ್ಲ, ಮುಂದೆ ಕಾಲೇಜು ತಂಡದ ಹೆಡ್ ಕೋಚ್ ಆಗುತ್ತೇನೆ ಅಂದಳು. ಅವರಪ್ಪನಿಗೆ ಫಾರ್ಮಸಿ ಓದಿಸುವ ಆಸೆ. ಇಬ್ಬರೂ ಮಾತು ಬಿಟ್ಟಿದ್ದಾರೆ.

ನನಗೆ ಈ ಕೆಲಸದ ಬಗ್ಗೆ ಏನೂ ಗೊತ್ತಿಲ್ಲ. ಅವಳ ಗೋಡೆಯ ಮೇಲೆ ಕೆರೊಲ್ ಹಚಿನ್ಸ್ ಅಂತ ಒಬ್ಬ ಕೋಚ್ ಫೋಟೋ ಇದೆ. ಆ ಜಾಗಕ್ಕೆ ಹೋಗುವವರು ಎಲ್ಲಿಂದ ಶುರು ಮಾಡುತ್ತಾರೆ, ಎಷ್ಟು ವರ್ಷ ಹಿಡಿಯುತ್ತದೆ, ಹೊಟ್ಟೆ ತುಂಬುತ್ತದಾ? ಗೊತ್ತಿದ್ದವರು ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ.

ಆನ್ ಆರ್ಬರ್ ವಾಸಿ:

ಅಕ್ಕಾ, ನಾನು 2004 ರಿಂದ ಮಿಷಿಗನ್ ವಿಶ್ವವಿದ್ಯಾಲಯ ಇರುವ ಆನ್ ಆರ್ಬರ್‌ನಲ್ಲಿದ್ದೇನೆ. ಬಂದ ಮರುವರ್ಷವೇ ಮಿಷಿಗನ್ ಹುಡುಗಿಯರು ರಾಷ್ಟ್ರೀಯ ಚಾಂಪಿಯನ್ ಆದರು, ಆವತ್ತಿನಿಂದ ಈ ಆಟ ನನ್ನನ್ನು ಹಿಡಿದುಕೊಂಡಿದೆ. ಆ ತಂಡದ ಕೋಚ್ ಆಗಿದ್ದ ಹಚಿನ್ಸ್ ಅವರನ್ನು ಇಲ್ಲಿ ಎಲ್ಲರೂ ಹಚ್ ಅಂತಲೇ ಕರೆಯುತ್ತಾರೆ. ಒಟ್ಟು 1,707 ಗೆಲುವು, 22 ಸಲ ಬಿಗ್ ಟೆನ್ ಅನ್ನುವ ಕಾಲೇಜು ಲೀಗಿನ ಪ್ರಶಸ್ತಿ, ಮಿಷಿಗನ್‌ನಲ್ಲಿ 38 ಸೀಸನ್. ಈ ಲೆಕ್ಕ ನಿಮ್ಮ ಮಗಳಿಗೆ ಬಾಯಿಪಾಠ ಇರುತ್ತದೆ. ನೀವು ಅದಕ್ಕಿಂತ ಹಿಂದಿನದನ್ನು ತಿಳಿದುಕೊಳ್ಳಬೇಕು.

ಅವರು ಮಿಷಿಗನ್ ರಾಜ್ಯದವರೇ, ಲ್ಯಾನ್ಸಿಂಗ್ ಊರು. ಓದಿದ್ದು ಮಾತ್ರ ಮಿಷಿಗನ್ ಸ್ಟೇಟ್ ಅನ್ನುವ ಬೇರೆ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಬ್ಯಾಸ್ಕೆಟ್‌ಬಾಲ್, ಸಾಫ್ಟ್‌ಬಾಲ್ ಎರಡೂ ಆಡುತ್ತಿದ್ದರು, 1976 ರಲ್ಲಿ ಸಾಫ್ಟ್‌ಬಾಲ್ ತಂಡ ರಾಷ್ಟ್ರೀಯ ಪ್ರಶಸ್ತಿಯನ್ನೂ ಗೆದ್ದಿತು. ಆಗ ಹುಡುಗಿಯರ ತಂಡಕ್ಕೆ ಯಾರೂ ಕೇಳುವವರಿರಲಿಲ್ಲ. ಹುಡುಗರ ತಂಡಕ್ಕೆ ಒಂದು ಥರ ಪ್ರಯಾಣ, ಊಟ, ರೂಮು; ಹುಡುಗಿಯರಿಗೆ ಇನ್ನೊಂದು ಥರ. ಶಿಕ್ಷಣದಲ್ಲಿ ಗಂಡು ಹೆಣ್ಣು ಅಂತ ಭೇದ ಮಾಡಬಾರದು ಅನ್ನುವ ಟೈಟಲ್ ನೈನ್ ಕಾನೂನು 1972 ರಲ್ಲೇ ಬಂದಿತ್ತು, ಆದರೆ ಕಾಗದದ ಮೇಲಿತ್ತು. 1979 ರಲ್ಲಿ ಹಚ್ ಮತ್ತು ಅವರ ಜೊತೆಯ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯರು ತಮ್ಮ ವಿಶ್ವವಿದ್ಯಾಲಯದ ಮೇಲೇ ಕೇಸು ಹಾಕಿದರು. ಇಪ್ಪತ್ತೊಂದು ವರ್ಷದ ಹುಡುಗಿ, ಅದೂ ತಾನು ಇನ್ನೂ ಆಡುತ್ತಿರುವ ಕಾಲೇಜಿನ ಮೇಲೆ! ಅವರ ಮುಂದಿನ ನಲವತ್ತು ವರ್ಷದ ಕೆಲಸ ಅಲ್ಲಿಂದಲೇ ಶುರುವಾಯಿತು ಅಂತ ನನಗೆ ಅನ್ನಿಸುತ್ತದೆ.

ಆಮೇಲೆ ಇಂಡಿಯಾನಾದಲ್ಲಿ ಸ್ನಾತಕೋತ್ತರ ಓದು. 1982 ರಲ್ಲಿ ಫೆರಿಸ್ ಸ್ಟೇಟ್ ಅನ್ನುವ ಸಣ್ಣ ಕಾಲೇಜಿನಲ್ಲಿ ಒಂದು ಸೀಸನ್ ಹೆಡ್ ಕೋಚ್. ನೋಡಿ, ಹೆಡ್ ಕೋಚ್ ಆಗಿದ್ದವರು 1983 ರಲ್ಲಿ ಮಿಷಿಗನ್‌ಗೆ ಬಂದದ್ದು ಸಹಾಯಕ ಕೋಚ್ ಆಗಿ. ಎರಡು ವರ್ಷ ಅದೇ ಕೆಲಸ, 1985 ರಿಂದ ಹೆಡ್ ಕೋಚ್.

ಇಲ್ಲಿಯ ಚಳಿ ನಿಮಗೆ ಗೊತ್ತಿರಲಿಕ್ಕಿಲ್ಲ. ಸೀಸನ್ ಫೆಬ್ರವರಿಯಲ್ಲಿ ಶುರು, ಆಗ ನಮ್ಮೂರಿನ ಮೈದಾನದ ಮೇಲೆ ಹಿಮ. ಹಾಗಾಗಿ ಮೊದಲ ಕೆಲವು ವಾರ ತಂಡ ಫ್ಲಾರಿಡಾ, ಕ್ಯಾಲಿಫೋರ್ನಿಯಾ ಕಡೆ ತಿರುಗುತ್ತಲೇ ಇರುತ್ತದೆ, ಉಳಿದ ದಿನ ಒಳಾಂಗಣದಲ್ಲಿ ಅಭ್ಯಾಸ. ವರ್ಷವಿಡೀ ಬಿಸಿಲಲ್ಲಿ ಆಡುವ ಕ್ಯಾಲಿಫೋರ್ನಿಯಾ, ಅರಿಝೋನಾ ತಂಡಗಳೇ ಆಗೆಲ್ಲ ಹೆಚ್ಚಾಗಿ ಗೆಲ್ಲುತ್ತಿದ್ದವು. ಒಳ್ಳೆಯ ಆಟಗಾರ್ತಿಯನ್ನು ಈ ಚಳಿಗೆ ಬಾ ಅಂತ ಒಪ್ಪಿಸುವುದೇ ಒಂದು ದೊಡ್ಡ ಕೆಲಸ. ಮಿಷಿಗನ್ ಮೊದಲ ಸಲ ರಾಷ್ಟ್ರೀಯ ಪ್ರಶಸ್ತಿಯ ಕೊನೆಯ ಟೂರ್ನಮೆಂಟಾದ ವಿಮೆನ್ಸ್ ಕಾಲೇಜ್ ವರ್ಲ್ಡ್ ಸೀರೀಸ್‌ಗೆ ಹೋಗಿದ್ದು 1995 ರಲ್ಲಿ, ಅಂದರೆ ಅವರು ಹೆಡ್ ಕೋಚ್ ಆಗಿ ಹತ್ತು ವರ್ಷ ಕಳೆದ ಮೇಲೆ. ಗೆದ್ದಿದ್ದು 2005 ರಲ್ಲಿ, ಇನ್ನೂ ಹತ್ತು ವರ್ಷಕ್ಕೆ. ಯುಸಿಎಲ್‌ಎ ಎದುರು ಮೂರು ಪಂದ್ಯದ ಫೈನಲ್, ಮೊದಲನೆಯದು ಸೋತರು, ಎರಡನೆಯದು ಗೆದ್ದರು, ಮೂರನೆಯದು ಏಳು ಇನ್ನಿಂಗ್ಸ್‌ನಲ್ಲಿ ಮುಗಿಯಲಿಲ್ಲ, ಹತ್ತನೆಯದಕ್ಕೆ ಹೋಯಿತು, ಆಗ ಸಮಾಂತಾ ಫಿಂಡ್ಲೇ ಅನ್ನುವ ಮೊದಲ ವರ್ಷದ ಹುಡುಗಿ ಮೂರು ರನ್ನಿನ ಹೋಮ್ ರನ್ ಹೊಡೆದಳು. 4-1. ಮಿಸಿಸಿಪ್ಪಿ ನದಿಯ ಪೂರ್ವಕ್ಕಿರುವ ಕಾಲೇಜೊಂದು ಆ ಪ್ರಶಸ್ತಿ ಗೆದ್ದದ್ದು ಅದೇ ಮೊದಲು. ಟಿವಿ ಮುಂದೆ ನಾನು ಕಿರುಚಿದ್ದಕ್ಕೆ ಮಲಗಿದ್ದ ಮಗು ಎದ್ದಿತ್ತು.

ಇಪ್ಪತ್ತು ವರ್ಷ, ಅಕ್ಕಾ. ನಿಮ್ಮ ಯಜಮಾನರಿಗೆ ಹೇಳುವಾಗ ಇದನ್ನು ಮುಚ್ಚಿಡಬೇಡಿ.

ಮೈಸೂರು ಟು ಓಹಾಯೋ:

ನಾನು ಹೈಸ್ಕೂಲಿಗೆ ಮೈಸೂರಿನಿಂದ ಇಲ್ಲಿಗೆ ಬಂದವಳು, ಡಿವಿಷನ್ ತ್ರೀ, ಅಂದರೆ ಕಾಲೇಜು ಕ್ರೀಡೆಯ ಮೂರನೇ ದರ್ಜೆಯ ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಆಡಿದೆ, ಆಮೇಲೆ ಎಲ್ಲಕ್ಕಿಂತ ಮೇಲಿನ ದರ್ಜೆಯಾದ ಡಿವಿಷನ್ ಒನ್ ಕಾಲೇಜೊಂದರಲ್ಲಿ ಎರಡು ವರ್ಷ ವಾಲಂಟಿಯರ್ ಕೋಚ್ ಆಗಿದ್ದೆ. ಹೆಸರು ಬೇಡ. ವಾಲಂಟಿಯರ್ ಅಂದರೆ ಸಂಬಳ ಇಲ್ಲ. ಕೆಲಸ ಮಾತ್ರ ಉಳಿದ ಕೋಚ್‌ಗಳಷ್ಟೇ. ಬೆಳಗ್ಗೆ ಆರಕ್ಕೆ ಚೆಂಡು ಹೊತ್ತುಕೊಂಡು ಹೋಗಿ, ರಾತ್ರಿ ಎದುರಾಳಿ ತಂಡದ ವಿಡಿಯೋ ನೋಡಿ, ಸಂಜೆ ಮಧ್ಯದಲ್ಲಿ ಮಕ್ಕಳಿಗೆ ಬ್ಯಾಟಿಂಗ್ ಪಾಠ ಹೇಳಿ ಬಾಡಿಗೆ ಕಟ್ಟುತ್ತಿದ್ದೆ. ಬೇಸಿಗೆ ಕ್ಯಾಂಪಿನ ದುಡ್ಡು ಕೊಡುತ್ತೇವೆ ಅಂದವರು ಒಂದು ವರ್ಷ ಕೊಡಲೇ ಇಲ್ಲ, ಕೇಳಿದ್ದಕ್ಕೆ ಮುಂದಿನ ವರ್ಷ ನೋಡೋಣ ಅಂದರು. ನಾನು ಬಿಟ್ಟೆ. ಈಗಲೂ ಫೆಬ್ರವರಿ ಬಂದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಒಳ್ಳೆಯ ಸುದ್ದಿ ಏನೆಂದರೆ ಡಿವಿಷನ್ ಒನ್‌ನಲ್ಲಿ ಆ ವಾಲಂಟಿಯರ್ ಹುದ್ದೆಯನ್ನು 2023 ರಲ್ಲಿ ತೆಗೆದುಹಾಕಿದರು. ಈಗ ಆ ಜಾಗಕ್ಕೂ ಸಂಬಳ ಕೊಡಬಹುದು. ಎಷ್ಟು ಕೊಡುತ್ತಾರೆ ಅನ್ನುವುದು ಕಾಲೇಜಿನ ಮೇಲೆ.

ನಿಮ್ಮ ಪ್ರಶ್ನೆಗೆ ನೇರವಾಗಿ. ಸಾಮಾನ್ಯ ದಾರಿ ಹೀಗೆ: ಕಾಲೇಜಿನಲ್ಲಿ ಆಡುವುದು, ಓದುತ್ತಲೇ ತಂಡಕ್ಕೆ ಕೆಲಸ ಮಾಡುವ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ ಫೀಸು ಉಳಿಸಿಕೊಂಡು ಮಾಸ್ಟರ್ಸ್ ಮಾಡುವುದು, ಸಹಾಯಕ ಕೋಚ್, ಆಮೇಲೆ ಸಣ್ಣ ಕಾಲೇಜಿನ ಹೆಡ್ ಕೋಚ್. ಪ್ರತಿ ಮೆಟ್ಟಿಲಿಗೂ ಊರು ಬದಲಾಗುತ್ತದೆ. ಡಿವಿಷನ್ ಒನ್‌ನಲ್ಲಿ ಇರುವುದೇ ಸುಮಾರು 300 ತಂಡ, ಅಂದರೆ 300 ಹೆಡ್ ಕೋಚ್ ಕುರ್ಚಿ. ಅದರಲ್ಲಿ ವರ್ಷಕ್ಕೆ ಖಾಲಿಯಾಗುವುದು ಸ್ವಲ್ಪವೇ.

ಆ ಕುರ್ಚಿಯಲ್ಲಿ ಕೂತ ಮೇಲೆ ದಿನ ಹೇಗಿರುತ್ತದೆ ಅಂತ ಹತ್ತಿರದಿಂದ ನೋಡಿದ್ದೇನೆ. ಜನರಿಗೆ ಕಾಣುವುದು ಮೂರನೇ ಬೇಸ್ ಪಕ್ಕ ನಿಂತು ಓಡು, ನಿಲ್ಲು ಅಂತ ಕೈ ತೋರಿಸುವ ಮನುಷ್ಯ ಮಾತ್ರ. ಸೀಸನ್ನಿನಲ್ಲಿ ಪಂದ್ಯ ಹೆಚ್ಚೆಂದರೆ 56, ಆಮೇಲೆ ಟೂರ್ನಮೆಂಟ್. ಉಳಿದದ್ದೆಲ್ಲ ಬೇರೆಯೇ. ಬೇಸಿಗೆಯಲ್ಲಿ ಟ್ರಾವೆಲ್ ಬಾಲ್ ಮೈದಾನಗಳಲ್ಲಿ ಬೆಳಗಿನಿಂದ ರಾತ್ರಿವರೆಗೆ ಮಡಚುವ ಕುರ್ಚಿ ಹಾಕಿಕೊಂಡು ಕೂತು ಹುಡುಗಿಯರನ್ನು ನೋಡುವುದು. ತಂದೆ ತಾಯಿಯ ಜೊತೆ ಮಾತು. ಸ್ಕಾಲರ್‌ಶಿಪ್ ಹಂಚುವುದು, ಇದೇ ಅತಿ ಕಷ್ಟ, ಮೊನ್ನೆ ಮೊನ್ನೆಯವರೆಗೂ ಇಪ್ಪತ್ತಕ್ಕೂ ಜಾಸ್ತಿ ಹುಡುಗಿಯರಿಗೆ ಒಟ್ಟು 12 ಪೂರ್ತಿ ಸ್ಕಾಲರ್‌ಶಿಪ್ಪನ್ನು ತುಂಡು ತುಂಡು ಮಾಡಿ ಕೊಡಬೇಕಿತ್ತು, ಯಾರಿಗೆ ಅರ್ಧ, ಯಾರಿಗೆ ಬರೀ ಪುಸ್ತಕದ ದುಡ್ಡು ಅಂತ. 2025 ರಿಂದ ಲೆಕ್ಕ ಬದಲಾಗಿದೆ, ಆಟಗಾರರ ಕೋರ್ಟ್ ಕೇಸಿನಿಂದ ಬಂದ ಹೊಸ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ತಂಡಕ್ಕೆ 25 ಜನರ ಮಿತಿ, ಎಲ್ಲರಿಗೂ ಪೂರ್ತಿ ಕೊಡುವ ಅವಕಾಶ ಇದೆ. ಆದರೆ ದುಡ್ಡಿದ್ದ ಕಾಲೇಜು ಕೊಡುತ್ತದೆ, ಇಲ್ಲದ ಕಾಲೇಜು ಎಲ್ಲಿಂದ ತರುತ್ತದೆ? ಜೊತೆಗೆ ಆಟಗಾರ್ತಿಯರು ಬೇರೆ ಕಾಲೇಜಿಗೆ ಹೋಗುವುದು ಈಗ ತುಂಬಾ ಸುಲಭ. ಹೋದ ವರ್ಷ ಕಟ್ಟಿದ ತಂಡ ಈ ವರ್ಷ ಇರುವುದಿಲ್ಲ.

ಆದರೂ ಅಮ್ಮ, ನಿಮ್ಮ ಮಗಳು ಕ್ಯಾಚರ್ ಅಂದಿರಲ್ಲ, ಅದು ನನಗೆ ಇಷ್ಟವಾಯಿತು. ಇಡೀ ಮೈದಾನಕ್ಕೆ ಎದುರಾಗಿ ಕೂತಿರುವವಳು ಅವಳೊಬ್ಬಳೇ. ಕಾಲೇಜಿನಲ್ಲಿ ಯಾವ ಚೆಂಡು ಹಾಕಬೇಕು ಅಂತ ಬಹಳ ಕಡೆ ಕೋಚೇ ತಂಡ ಕೂರುವ ಡಗ್‌ಔಟ್‌ನಿಂದ ಸಂಖ್ಯೆ ಕೂಗುತ್ತಾರೆ, ಕ್ಯಾಚರ್ ಮಣಿಕಟ್ಟಿನ ಪಟ್ಟಿ ನೋಡಿಕೊಂಡು ಪಿಚರ್‌ಗೆ ಹೇಳುತ್ತಾಳೆ. ಆ ಸಂಖ್ಯೆ ಯಾಕೆ ಬಂತು ಅಂತ ಅವಳು ಕೇಳುತ್ತಾಳಾ? ಕೇಳುವ ಹುಡುಗಿಯಾದರೆ ಇದು ಅವಳ ಕೆಲಸ.

ಪಿ.ಡಿ. ದಾವಣಗೆರೆ:

ನಾನು ಇಲ್ಲಿ ಕಾಲೇಜಿನಲ್ಲಿ ಫಿಸಿಕಲ್ ಡೈರೆಕ್ಟರ್. ಯೂನಿವರ್ಸಿಟಿ ತಂಡಕ್ಕೆ ಸಾಫ್ಟ್‌ಬಾಲ್ ಆಡಿದವನು. ನಮ್ಮಲ್ಲಿ ಒಬ್ಬನೇ ಪಿ.ಡಿ. ಕಬಡ್ಡಿ, ವಾಲಿಬಾಲ್, ಖೋಖೋ, ಅಥ್ಲೆಟಿಕ್ಸ್ ಎಲ್ಲ ನೋಡಬೇಕು, ಅದರ ಮಧ್ಯೆ ಸಾಫ್ಟ್‌ಬಾಲ್ ತಂಡವನ್ನು ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ರೈಲಿನಲ್ಲಿ ಕರೆದುಕೊಂಡು ಹೋಗಬೇಕು. ಗ್ಲೌಸು ಹಂಚಿಕೊಂಡು ಆಡುವ ಹುಡುಗಿಯರು ನಮ್ಮವರು. ಒಂದು ಆಟಕ್ಕೆ ಒಬ್ಬ ಹೆಡ್ ಕೋಚ್, ಅವರ ಕೈಕೆಳಗೆ ಸಹಾಯಕ ಕೋಚ್‌ಗಳು ಅಂತ ಓದಿದಾಗ ಸಂತೋಷವಾಯಿತು. ತಾಯಿ, ಮಗಳು ರಜೆಗೆ ಊರಿಗೆ ಬಂದರೆ ನಮ್ಮ ಮಕ್ಕಳಿಗೆ ಎರಡು ದಿನ ಕ್ಯಾಚಿಂಗ್ ಹೇಳಿಕೊಡಲಿ. ಇದು ಸುಮ್ನೆ ಬಾಯಿಮಾತಲ್ಲ, ನಿಜವಾಗಿ ಕರೆಯುತ್ತಿದ್ದೇನೆ.

ನಾರ್ಮನ್ ಶ್ರೀ:

ಹಚ್ ಬಗ್ಗೆ ಬರೆದದ್ದು ಓದಿ ನಮ್ಮ ಒಕ್ಲಹೋಮಾ ಬಗ್ಗೆ ಹೇಳದೆ ಇರಲು ಆಗಲಿಲ್ಲ. ನಮ್ಮ ಒಕ್ಲಹೋಮಾ ವಿಶ್ವವಿದ್ಯಾಲಯದ ಹೆಡ್ ಕೋಚ್ ಪ್ಯಾಟಿ ಗ್ಯಾಸೋ 1990 ರಿಂದ 1994 ರವರೆಗೆ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಸಿಟಿ ಕಾಲೇಜಿನಲ್ಲಿದ್ದರು, ಅದು ಎರಡು ವರ್ಷದ ಕಮ್ಯುನಿಟಿ ಕಾಲೇಜು. ಅರಿಝೋನಾಗೆ ಎಂಟು ಪ್ರಶಸ್ತಿ ತಂದುಕೊಟ್ಟ ಮೈಕ್ ಕ್ಯಾಂಡ್ರಿಯಾ ಕೂಡ ಸೆಂಟ್ರಲ್ ಅರಿಝೋನಾ ಕಾಲೇಜು ಅನ್ನುವ ಅಂಥದ್ದೇ ಜಾಗದಿಂದ ಬಂದವರು. ಆದ್ದರಿಂದ ದೊಡ್ಡ ಕಾಲೇಜಿನ ಹೆಸರೇ ಬೇಕು ಅಂತ ಹಟ ಹಿಡಿಯಬೇಡಿ.

ಗ್ಯಾಸೋ ನಮ್ಮ ವಿಶ್ವವಿದ್ಯಾಲಯದ ಊರಾದ ನಾರ್ಮನ್‌ಗೆ ಬಂದಾಗ ತಂಡಕ್ಕೆ ಸ್ವಂತ ಮೈದಾನ ಇರಲಿಲ್ಲ. ಊರಿನ ರೀವ್ಸ್ ಪಾರ್ಕ್‌ನಲ್ಲಿ, ಸಾರ್ವಜನಿಕ ಪಾರ್ಕಿನಲ್ಲಿ ಆಡುತ್ತಿದ್ದರು. 1998 ರಲ್ಲಿ ಕ್ಯಾಂಪಸ್ಸಿನಲ್ಲಿ ಮೈದಾನ ಬಂತು, 2000 ದಲ್ಲಿ ಮೊದಲ ಪ್ರಶಸ್ತಿ. ಎರಡನೆಯದು 2013 ರಲ್ಲಿ. ನಡುವಿನ ಹದಿಮೂರು ವರ್ಷವನ್ನು ಯಾರೂ ಪೋಸ್ಟರ್ ಮಾಡಿ ಗೋಡೆಗೆ ಅಂಟಿಸುವುದಿಲ್ಲ, ನನಗೆ ಅದೇ ದೊಡ್ಡದು. ಆಮೇಲೆ 2016, 2017, ಮತ್ತೆ 2021 ರಿಂದ 2024 ರವರೆಗೆ ಸತತ ನಾಲ್ಕು, ಅಷ್ಟು ಯಾರೂ ಗೆದ್ದಿರಲಿಲ್ಲ. 2023 ರಲ್ಲಿ 61 ಗೆಲುವು, ಒಂದೇ ಸೋಲು. ಈಗ ಅವರ ಸಂಬಳ ವರ್ಷಕ್ಕೆ ಹತ್ತು ಲಕ್ಷ ಡಾಲರ್ ದಾಟಿದೆ. ಅದನ್ನು ನೋಡಿ ಲೆಕ್ಕ ಹಾಕಬೇಡಿ, ಅಂಥವರು ಬೆರಳೆಣಿಕೆ.

2024 ಮಾರ್ಚ್‌ನಲ್ಲಿ ಲವ್ಸ್ ಫೀಲ್ಡ್ ಅನ್ನುವ ಹೊಸ ಕ್ರೀಡಾಂಗಣ ತೆರೆಯಿತು. ಮನೆಮಂದಿಯೆಲ್ಲ ಹೋಗಿದ್ದೆವು. ಸತತ 71 ಪಂದ್ಯ ಗೆದ್ದಿದ್ದ ತಂಡ, ಅದೇ ವಾರಾಂತ್ಯದಲ್ಲಿ ಲೂಯಿಸಿಯಾನಾ ಎದುರು ಎಂಟು ಇನ್ನಿಂಗ್ಸ್ ಆಡಿ ಸೋತಿತು. ನಮ್ಮ ಸುತ್ತ ಒಬ್ಬರೂ ಮಾತಾಡಲಿಲ್ಲ. ಆ ಲೂಯಿಸಿಯಾನಾ ಕೋಚ್ ಜೆರ್ರಿ ಗ್ಲಾಸ್ಕೋ ಮುಂದಿನ ಸೀಸನ್ನಿಗೆ ನಿಮ್ಮ ಲಬಕ್‌ಗೆ, ಟೆಕ್ಸಾಸ್ ಟೆಕ್‌ಗೆ ಬಂದರು, ಮೊದಲ ವರ್ಷವೇ ತಂಡವನ್ನು ವರ್ಲ್ಡ್ ಸೀರೀಸ್‌ಗೆ ತಂದು ಅಲ್ಲಿಯೂ ನಮ್ಮನ್ನು 3-2 ರಿಂದ ಸೋಲಿಸಿದರು. ಫೈನಲ್‌ನಲ್ಲಿ ಅವರನ್ನು ಟೆಕ್ಸಾಸ್ ವಿಶ್ವವಿದ್ಯಾಲಯ ಸೋಲಿಸಿತು. ಗ್ಲಾಸ್ಕೋ ಅದಕ್ಕೂ ಮೊದಲು ಜಾರ್ಜಿಯಾ, ಟೆಕ್ಸಾಸ್ ಎ ಆ್ಯಂಡ್ ಎಂ ಎರಡೂ ಕಡೆ ಸಹಾಯಕ ಕೋಚ್ ಆಗಿದ್ದವರು.

ಸಂಸಾರದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಗ್ಯಾಸೋ ಅವರ ಮಗ ಜೆಟಿ ಅದೇ ತಂಡದಲ್ಲಿ ಸಹಾಯಕ ಕೋಚ್. ಟೆನ್ನೆಸ್ಸಿಯಲ್ಲಿ ರಾಲ್ಫ್, ಕ್ಯಾರೆನ್ ವೀಕ್ಲಿ ಗಂಡ ಹೆಂಡತಿ ಇಬ್ಬರೂ 2002 ರಿಂದ 2021 ರವರೆಗೆ ಹೆಡ್ ಕೋಚ್ ಹುದ್ದೆಯನ್ನೇ ಹಂಚಿಕೊಂಡಿದ್ದರು. ಮನೆಯವರು ಜೊತೆಗಿದ್ದರೆ ಈ ಕೆಲಸ ನಡೆಯುತ್ತದೆ. ಅಪ್ಪ ಮಗಳು ಮಾತು ಬಿಟ್ಟಿದ್ದಾರೆ ಅಂದಿರಲ್ಲ, ನನಗೆ ಬೇಜಾರಾಗಿದ್ದು ಅದೊಂದೇ.

ಡಲ್ಲಾಸ್ ಅಮ್ಮ:

ಎಲ್ಲರಿಗೂ ಧನ್ಯವಾದ. ಎಲ್ಲವನ್ನೂ ಕನ್ನಡದಲ್ಲೇ ನಮ್ಮ ಯಜಮಾನರಿಗೆ ಓದಿ ಹೇಳಿದೆ. ಹಚ್ ಕೇಸು ಹಾಕಿದ್ದು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಗಳನ್ನು ಕರೆದು, ಆ ಸಂಖ್ಯೆ ಯಾಕೆ ಕೂಗುತ್ತಾರೆ ಹೇಳು ಅಂದರು. ಅವಳು ಒಳಗೆ ಹೋಗಿ ಒಂದು ನೋಟ್‌ಬುಕ್ ತಂದಳು. ಎರಡು ವರ್ಷದಿಂದ ಪ್ರತಿ ಪಂದ್ಯದ ಒಂದೊಂದು ಚೆಂಡನ್ನೂ ಬರೆದಿಟ್ಟಿದ್ದಾಳೆ, ಯಾರಿಗೆ ಯಾವ ಚೆಂಡು, ಏನಾಯಿತು ಅಂತ. ನನಗೇ ಗೊತ್ತಿರಲಿಲ್ಲ. ಇಬ್ಬರೂ ಹನ್ನೊಂದು ಗಂಟೆಯವರೆಗೆ ಅಡುಗೆಮನೆ ಮೇಜಿನ ಮೇಲೆ ಅದನ್ನೇ ಹರಡಿಕೊಂಡು ಕೂತಿದ್ದರು. ಫಾರ್ಮಸಿ ಮಾತು ಇನ್ನೂ ಮುಗಿದಿಲ್ಲ.

ಒಂದೇ ಪ್ರಶ್ನೆ ಉಳಿದಿದೆ. ಅವಳು ಕಾಲೇಜು ಕೋಚ್‌ಗಳಿಗೆ ಈಗ ಬರೆಯಬಹುದಾ, ಅಥವಾ ಇನ್ನೂ ಕಾಯಬೇಕಾ?

ಮೈಸೂರು ಟು ಓಹಾಯೋ:

ಅವಳು ಯಾವಾಗ ಬೇಕಾದರೂ ಬರೆಯಬಹುದು. ಡಿವಿಷನ್ ಒನ್ ಕೋಚ್‌ಗಳು ಉತ್ತರ ಕೊಡಬಹುದಾದದ್ದು ಹನ್ನೊಂದನೇ ಕ್ಲಾಸಿನ ಸೆಪ್ಟೆಂಬರ್ 1 ರಿಂದ. 2018 ಕ್ಕೆ ಮೊದಲು ಏಳು ಎಂಟನೇ ಕ್ಲಾಸಿನ ಮಕ್ಕಳ ಹತ್ತಿರವೇ ನಮ್ಮ ಕಾಲೇಜಿಗೆ ಬರುತ್ತೀರಿ ಅಂತ ಮಾತು ತೆಗೆದುಕೊಳ್ಳುತ್ತಿದ್ದರು, ಅದನ್ನು ನಿಲ್ಲಿಸಲೆಂದೇ ಈ ನಿಯಮ ಬಂತು. ಅವಳಿಗೆ ಆ ದಿನ ದಾಟಿದೆ, ಇವತ್ತೇ ಬರೆಯಲಿ. ವಿಡಿಯೋ ಜೊತೆಗೆ ಆ ನೋಟ್‌ಬುಕ್ಕಿನ ಎರಡು ಪುಟದ ಫೋಟೋ ಕೂಡ ಕಳಿಸಲಿ. ಮತ್ತೆ ಲಬಕ್‌ನಲ್ಲಿ ಪಂದ್ಯ ನೋಡಲು ಹೋದರೆ ಮೂರನೇ ಬೇಸ್ ಕಡೆ ಸೀಟು ತೆಗೆದುಕೊಳ್ಳಿ, ಅವರಪ್ಪನನ್ನೂ ಕರೆದುಕೊಂಡು ಹೋಗಿ.