ತೆಂಗಿನಕಾಯಿ ಬಿಟ್ಟರೂ 239: ಮನೆತನದ ಕೊಲೆಸ್ಟ್ರಾಲ್ ಇರುವವರು ಅನುಭವ ಹೇಳಿ

ಡೊಂಬಿವಲಿ (ಕೇಳಿದವರು):
ನನಗೆ 38, ತೂಕ 61 ಕಿಲೊ, ಬೀಡಿ ಸಿಗರೇಟು ಇಲ್ಲ. ಮಾರ್ಚ್‌ನಲ್ಲಿ ಅಣ್ಣನಿಗೆ ಹಾರ್ಟ್ ಅಟ್ಯಾಕ್ ಆಗಿ ಎರಡು ಸ್ಟೆಂಟ್ ಹಾಕಿದರು. ಅವನಿಗೆ 41. ಅಪ್ಪ ಊರಲ್ಲಿ, ಕಾಪು ಹತ್ತಿರ, 46ಕ್ಕೇ ಹೋದವರು. ಆಗ ಎಲ್ಲರೂ ‘ಗ್ಯಾಸ್’ ಅಂದಿದ್ದರು. ಅಣ್ಣನ ಡಾಕ್ಟರು ಹೇಳಿದರೆಂದು ನಾನೂ ರಕ್ತ ಕೊಟ್ಟೆ. ಒಟ್ಟು ಕೊಲೆಸ್ಟ್ರಾಲ್ 318, ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್ ಅನ್ನುತ್ತಾರಲ್ಲ, ಅದು) 252, ಎಚ್‌ಡಿಎಲ್ (‘ಒಳ್ಳೆಯದು’) 44, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಕೊಬ್ಬು) 110. ಶುಗರ್ ಸರಿ ಇದೆ. ಮೂರು ತಿಂಗಳು ಮನೆಯಲ್ಲಿ ತೆಂಗಿನಕಾಯಿ, ತುಪ್ಪ, ಮೊಟ್ಟೆ ಎಲ್ಲ ಬಂದ್. ಮೀನಿನ ಸಾರಿಗೆ ಕಾಯಿ ಬದಲು ಟೊಮೆಟೊ ಹಾಕಿ ಉಂಡೆವು. ಅದನ್ನು ಸಾರು ಅನ್ನಬೇಕೋ ಬೇಡವೋ ನೀವೇ ಹೇಳಿ. ಮತ್ತೆ ನೋಡಿಸಿದರೆ ಎಲ್‌ಡಿಎಲ್ 239! ಹೆಂಡತಿಗೆ ಬೇಜಾರು. ಅತ್ತಿಗೆಯ ಬೇಜಾರು ಅದಕ್ಕಿಂತ ಹೆಚ್ಚು, ‘ಎಣ್ಣೆ ಸುರಿದು ಸುರಿದು ಬಡಿಸಿದವಳು ಇವಳೇ’ ಎಂದು ನೆಂಟರು ಆಸ್ಪತ್ರೆಯಲ್ಲೇ ಅಂದುಬಿಟ್ಟಿದ್ದಾರೆ. ಡಾಕ್ಟರು ನೋಡಿದರೆ ‘ಇದು ಮನೆತನದ್ದು, ಎಫ್‌ಎಚ್, ಅಂದರೆ ಅಪ್ಪ ಅಮ್ಮನಿಂದ ಹುಟ್ಟಿನಲ್ಲೇ ಬರುವ ಹೆಚ್ಚು ಕೊಲೆಸ್ಟ್ರಾಲ್ ಇರಬಹುದು, ಮಾತ್ರೆ ಬಿಡುವ ಹಾಗಿಲ್ಲ’ ಅನ್ನುತ್ತಾರೆ. ಜೀವಮಾನವಿಡೀ ತಿನ್ನಬೇಕಾ? ಮಕ್ಕಳಿಗೆ 9 ಮತ್ತು 5 ವರ್ಷ, ಅವರಿಗೂ ನೋಡಿಸಬೇಕಾ?

ಠಾಣೆ:
ನಾನು ಲ್ಯಾಬಿನಲ್ಲಿ ಕೆಲಸ ಮಾಡುವವನು, ಡಾಕ್ಟರಲ್ಲ. ರಿಪೋರ್ಟಿನ ಬಗ್ಗೆ ಮಾತ್ರ ಹೇಳುತ್ತೇನೆ. ಹೆಚ್ಚಿನ ಕಡೆ ಎಲ್‌ಡಿಎಲ್ ಲೆಕ್ಕ ಹಾಕಿ ತೆಗೆಯುವುದು: ಒಟ್ಟಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಪಾಲನ್ನೂ ಕಳೆಯಬೇಕು. 318ರಲ್ಲಿ 44 ಹೋಯಿತು, 22 ಹೋಯಿತು, 252. ಹೊಟ್ಟೆ ಬಂದು, ಕುಳಿತಲ್ಲೇ ಕೆಲಸ ಮಾಡಿ ಕೆಡುವ ರಿಪೋರ್ಟು ಬೇರೆ ಥರ ಇರುತ್ತದೆ. ಅಲ್ಲಿ ಟ್ರೈಗ್ಲಿಸರೈಡ್ ಏರಿ ಎಚ್‌ಡಿಎಲ್ ಇಳಿದು, ಶುಗರೂ ಸೇರಿಕೊಂಡಿರುತ್ತದೆ. ನಿಮ್ಮದರಲ್ಲಿ ಉಳಿದದ್ದೆಲ್ಲ ಸರಿಯಿದ್ದು ಎಲ್‌ಡಿಎಲ್ ಒಂದೇ ಆಕಾಶದಲ್ಲಿದೆ. ದೊಡ್ಡವರಲ್ಲಿ ಅದು 190 ದಾಟಿ, ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತವೂ ಇದ್ದರೆ ಡಾಕ್ಟರುಗಳಿಗೆ ಮೊದಲು ಎಫ್‌ಎಚ್ ಅನುಮಾನವೇ ಬರುವುದು. ಥೈರಾಯ್ಡ್ ಕಡಿಮೆ ಇದ್ದರೂ ಎಲ್‌ಡಿಎಲ್ ಏರುತ್ತದೆ, ಅದರ ರಕ್ತಪರೀಕ್ಷೆ ಟಿಎಸ್‌ಎಚ್ ಒಮ್ಮೆ ಮಾಡಿಸಿ. ಅಣ್ಣನಿಗೆ ಆಸ್ಪತ್ರೆಯಲ್ಲಿ ಮೂರು ನಾಲ್ಕನೇ ದಿನ ತೆಗೆದ ರಿಪೋರ್ಟು ‘ಅಷ್ಟೇನಿಲ್ಲ’ ಅನ್ನುವಂತಿದ್ದರೆ ಅದನ್ನು ನಂಬಬೇಡಿ. ಅಟ್ಯಾಕ್ ಆದ ಮೇಲೆ ಕೆಲವು ವಾರ ಎಲ್‌ಡಿಎಲ್ ತಾನಾಗಿ ಇಳಿದಿರುತ್ತದೆ.

ಮಾಟುಂಗ:
ತಮ್ಮಾ, ನನಗೆ 63. ಇಲ್ಲಿ ಹೋಟೆಲು ಇದೆ, ಈಗ ಮಗ ನೋಡಿಕೊಳ್ಳುತ್ತಾನೆ. ಡಾಕ್ಟರು ಹೇಳಿದ್ದು ನನ್ನ ತಲೆಗೆ ಹೋದದ್ದು ಹೋಟೆಲಿನ ಲೆಕ್ಕದಲ್ಲೇ. ಮಧ್ಯಾಹ್ನದ ಊಟದ ಹೊತ್ತು. ತಟ್ಟೆ ಎತ್ತಲು ಇಬ್ಬರು ಹುಡುಗರು, ಒಬ್ಬ ಅಪ್ಪ ಕಳಿಸಿದವ, ಒಬ್ಬ ಅಮ್ಮ ಕಳಿಸಿದವ. ಒಬ್ಬ ಕೆಲಸಕ್ಕೇ ಬರಲಿಲ್ಲ ಅಂತಿಟ್ಟುಕೊಳ್ಳಿ. ಗಿರಾಕಿ ಅಷ್ಟೇ, ಅಡುಗೆ ಅಷ್ಟೇ, ಆದರೆ ಮೇಜಿನ ಮೇಲೆ ಎಂಜಲು ತಟ್ಟೆಯ ಗುಡ್ಡೆ. ಲಿವರಿನ ಮೇಲೆ ಎಲ್‌ಡಿಎಲ್ ಅನ್ನು ಹಿಡಿದು ಒಳಗೆ ಎಳೆದುಕೊಳ್ಳುವ ಕೊಕ್ಕೆಗಳಿರುತ್ತವಂತೆ, ರಿಸೆಪ್ಟರ್ ಅನ್ನುತ್ತಾರೆ. ನಮ್ಮಂಥವರಲ್ಲಿ ಅಪ್ಪನಿಂದಲೋ ಅಮ್ಮನಿಂದಲೋ ಬಂದ ಒಂದು ಪಾಲು ಕೆಟ್ಟಿರುವುದರಿಂದ ಅದರ ಸುಮಾರು ಅರ್ಧ ಕೆಲಸಕ್ಕಿಲ್ಲ. ಎರಡು ಮೂರು ದಿನದಲ್ಲಿ ರಕ್ತ ಬಿಟ್ಟು ಹೋಗಬೇಕಾದದ್ದು ಹೋಗದೆ ಸುತ್ತುತ್ತ ಸುತ್ತುತ್ತ ರಕ್ತನಾಳದ ಗೋಡೆಯೊಳಗೆ ನುಸುಳಿ ಕೂರುತ್ತದೆ. ಅದೂ ಹುಟ್ಟಿದಂದಿನಿಂದ. ನೀವು ಕಾಯಿ ತುಪ್ಪ ಬಿಟ್ಟದ್ದು ಗಿರಾಕಿ ಸ್ವಲ್ಪ ಕಡಿಮೆಯಾದ ಹಾಗೆ. ಒಳ್ಳೆಯದೇ, ಬಿಡಬೇಡಿ ಅನ್ನುವುದಿಲ್ಲ. ಆದರೆ ಹುಡುಗ ಬರಲಿಲ್ಲವಲ್ಲ ಮಾರಾಯ್ರೆ!

ಮಾತ್ರೆ ಏನು ಮಾಡುತ್ತದೆ ಅಂದರೆ, ಲಿವರು ತಾನೇ ಕೊಲೆಸ್ಟ್ರಾಲ್ ತಯಾರಿಸುವುದನ್ನು ತಡೆಯುತ್ತದೆ. ಒಳಗೆ ಕೊರತೆಯಾದಾಗ ಲಿವರು ರಕ್ತದಲ್ಲಿದ್ದದ್ದನ್ನೇ ಹೆಚ್ಚು ಎಳೆದುಕೊಳ್ಳುತ್ತದೆ. ಒಳಗೆ ತಟ್ಟೆ ಮುಗಿದಾಗ ಭಟ್ಟರು ಬೊಬ್ಬೆ ಹಾಕುತ್ತಾರೆ, ಇದ್ದ ಒಬ್ಬ ಹುಡುಗ ಓಡಿ ಓಡಿ ಮೇಜು ಖಾಲಿ ಮಾಡುತ್ತಾನೆ. ಬೊಬ್ಬೆ ನಿಂತರೆ ಅವನೂ ನಿಂತ. ಅದಕ್ಕೇ ಬಿಡುವ ಹಾಗಿಲ್ಲ ಅನ್ನುವುದು.

ನಾನು ಬಿಟ್ಟಿದ್ದೆ. 44ಕ್ಕೆ ನನ್ನದು 230 ಬಂತು, ಒಂದು ವರ್ಷ ಮಾತ್ರೆ ತಿಂದು 120ಕ್ಕೆ ಇಳಿಯಿತು, ಗುಣವಾಯಿತು ಅಂದುಕೊಂಡೆ. ಯಾರೋ ಬೆಳ್ಳುಳ್ಳಿ, ಶುಂಠಿ, ನಿಂಬೆರಸ ಕುದಿಸಿದ ಕಷಾಯ ಹೇಳಿದರು. ಗಲ್ಲಾ ಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿ ಒಂದು ಬದಿ ಕಷಾಯದ ಬಾಟಲಿ, ಇನ್ನೊಂದು ಬದಿ ಒಡೆಯದ ಮಾತ್ರೆ ಪಟ್ಟಿಗಳು. ಬಾಟಲಿ ವಾರಕ್ಕೊಮ್ಮೆ ಖಾಲಿಯಾಗುತ್ತಿತ್ತು, ಪಟ್ಟಿಗಳು ಹಾಗೇ. 49ಕ್ಕೆ ಬೈಪಾಸ್ ಆಯಿತು. ಯಾರನ್ನೂ ದೂರುವುದಿಲ್ಲ, ಕುಡಿದವನು ನಾನೇ.

ಠಾಣೆ:
ಅಣ್ಣಾ, ನಿಮ್ಮ ತಟ್ಟೆ ಲೆಕ್ಕ ನಮ್ಮ ಲ್ಯಾಬಿನಲ್ಲಿ ಹೇಳಿಯೇ ಹೇಳುತ್ತೇನೆ. ಆ ಕೊಕ್ಕೆ ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು. ಅವರು ಪರೀಕ್ಷಿಸಿದ್ದು ಈ ಕಾಯಿಲೆಯವರ ಚರ್ಮದ ಜೀವಕೋಶಗಳನ್ನೇ. ಇನ್ನು ‘ನ್ಯಾಚುರಲ್’ ಬೇಕು ಅನ್ನುವವರಿಗೆ: ಅಣ್ಣ ಹೇಳಿದ ಈ ಮಾತ್ರೆಗಳಿಗೆ ಸ್ಟ್ಯಾಟಿನ್ ಅನ್ನುತ್ತಾರೆ, ಆ ಗುಂಪಿನ ಮೊದಲ ವಸ್ತುವನ್ನು ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ತೆಗೆದದ್ದು ಬೂಷ್ಟಿನಿಂದ. ಅದಕ್ಕಿಂತ ನ್ಯಾಚುರಲ್ ಏನು ಬೇಕು?

ಘಾಟ್ಕೋಪರ್:
ನನಗೆ ಮೊದಲ ಮಾತ್ರೆಗೆ ತೊಡೆ ನೋವು ಬಂತು, ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ನಾನೇ ಬಿಡದೆ ಡಾಕ್ಟರಿಗೆ ಹೇಳಿದೆ. ರಕ್ತ ನೋಡಿ ಬೇರೆ ಸ್ಟ್ಯಾಟಿನ್ ಕೊಟ್ಟರು, ಈಗ ನಾಲ್ಕು ವರ್ಷ ಏನೂ ಇಲ್ಲ.

ಪುಣೆ:
ನಾನು ಧಾರವಾಡದಾಕಿ, ಪುಣೆಗೆ ಬಂದು 19 ವರ್ಷ ಆತು. ನಮ್ಮವ್ವನ ಹಿಮ್ಮಡದ ಮ್ಯಾಲಿನ ನರ ಹೆಬ್ಬೆರಳಿಗಿಂತ ದಪ್ಪ ಇತ್ತು. ಹಿಂದ ಪಟ್ಟಿ ಇರೋ ಚಪ್ಪಲಿ ಆಕಿಗೆ ಆಗ್ತಿದ್ದಿಲ್ಲ, ತಿಕ್ಕಿ ತಿಕ್ಕಿ ಕೆಂಪ ಆಗೂದು. ನಾವು ಸಣ್ಣವರಿದ್ದಾಗ ಅದನ್ನ ಹಿಡದು ಆಟ ಆಡ್ತಿದ್ವಿ. ಅದು ಅಲ್ಲಿ ಕುಂತ ಕೊಲೆಸ್ಟ್ರಾಲ್ ಅಂತ ತಿಳದದ್ದು ಆಕಿ ಹ್ವಾದ ಮ್ಯಾಲ. ನನ್ನ ಹಿಮ್ಮಡ ಡಾಕ್ಟರು ಎರಡು ಬೆರಳಾಗ ಹಿಡದು ‘ನಿಮ್ಮ ಮನ್ಯಾಗ ಯಾರಿಗರ ಹಿಂಗ ಇತ್ತೇನು?’ ಅಂತ ಕೇಳಿದ್ರು. ನಿಮ್ಮ ಅಣ್ಣಂದು, ನಿಮ್ದು ನೋಡ್ರಿ. ಕಣ್ಣಿನ ಕರಿಗುಡ್ಡಿ ಸುತ್ತ ಬೂದು ಬಣ್ಣದ ಬಳಿ ಇದ್ರೂ ಹೇಳ್ರಿ. ಎಲ್ಲಾರಿಗೂ ಇರಂಗಿಲ್ಲ, ಇಲ್ಲ ಅಂದ್ರ ಏನಿಲ್ಲ ಅಂತನೂ ಅಲ್ಲ.

ನಂದು 238 ಇತ್ತು. ರೋಸುವಾಸ್ಟಾಟಿನ್ ಅನ್ನೋ ಸ್ಟ್ಯಾಟಿನ್ 20 ಮಿಲಿಗ್ರಾಮಿಗೆ 121 ಆತು, ಅದರ ಜೋಡಿ ಎಜೆಟಿಮೈಬ್ ಕೊಟ್ಟ ಮ್ಯಾಲ 94. ಎಜೆಟಿಮೈಬ್ ಅಂದ್ರ ಕರಳಿನ್ಯಾಗ ಕೊಲೆಸ್ಟ್ರಾಲ್ ಒಳಗ ಹೋಗೂದನ್ನ ತಡಿಯೂದು. ಬಸರಿದ್ದಾಗ, ಹಾಲುಣಿಸೋವಾಗ ಡಾಕ್ಟರು ಸ್ಟ್ಯಾಟಿನ್ ಬಿಡಿಸಿದ್ರು, ಹೆಣ್ಣಮಕ್ಕಳು ಇದನ್ನ ಮೊದಲ ಕೇಳಿಕೋಬೇಕು. ಎರಡು ಮಾತ್ರಿಗೂ ಇಳೀಲಿಲ್ಲ ಅಂದ್ರ ಪಿಸಿಎಸ್‌ಕೆ9 ಅನ್ನೋ ಪ್ರೋಟೀನ್ ತಡಿಯೂ ಇಂಜೆಕ್ಷನ್ ಅದಾವ, ತುಟ್ಟಿ. ನನಗ ಬೇಕಾಗಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಹೊರಗ ಹೇಳಿದ್ರ ಹೆಣ್ಣಮಕ್ಕಳ ಲಗ್ನಕ್ಕ ತೊಂದ್ರಿ ಅಂತ ನಮ್ಮ ಮನ್ಯಾಗ ಮುಚ್ಚಿಟ್ಟಿದ್ರು. ಮುಚ್ಚಿಟ್ಟು, ನನ್ನ ತಂಗಿನ್ನ ಸೋದರಮಾವನ ಮಗಗ ಕೊಡಾಕ ಹೊಂಟಿದ್ರು! ಮಾವನೂ ನಮ್ಮವ್ವನ ತಮ್ಮನ ಅಲ್ಲೇನ್ರಿ? ಗಂಡ ಹೆಂಡ್ತಿ ಇಬ್ಬರಿಗೂ ಇದ್ರ ಪ್ರತಿ ಕೂಸಿಗೂ ನಾಕರಾಗ ಒಂದು ಪಾಲು ಎರಡೂ ಕಡಿಂದ ಬರೂ ಸಂಭವ. ಅಂಥಾ ಮಕ್ಕಳಿಗೆ ಎಲ್‌ಡಿಎಲ್ 500ರ ಮ್ಯಾಲೂ ಹೋಗ್ತದ, ಶಾಲಿಗೆ ಹೋಗೂ ವಯಸ್ಸಿನ್ಯಾಗ ಹೃದಯದ ತ್ರಾಸ ಸುರು ಆಗಬಹುದು, ಮಾತ್ರಿ ಸಾಲೂದಿಲ್ಲ, ಯಂತ್ರ ಹಚ್ಚಿ ರಕ್ತ ಸೋಸಬೇಕಾಗ್ತದ. ನಾನು ಇಬ್ಬರ ರಿಪೋರ್ಟೂ ತರಿಸಿದೆ. ತಂಗಿದು 226, ಹುಡುಗಂದು 240. ಮಾತು ಅಲ್ಲಿಗೇ ನಿಂತಿತು. ಮಾವ ಒಂದು ವರ್ಷ ಮಾತಾಡಲಿಲ್ಲ, ಈಗ ತಾನೂ ಮಾತ್ರಿ ತಗೋತಾನ.

ಮಡಗಾಂವ್:
ಮಕ್ಕಳ ಪ್ರಶ್ನೆಗೆ: ಖಂಡಿತ ನೋಡಿಸಿ. ಅಪ್ಪನಿಗೋ ಅಮ್ಮನಿಗೋ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಮಗಳಿಗೆ ಹತ್ತಾದಾಗ ಎಲ್‌ಡಿಎಲ್ 178 ಬಂತು. ಮನೆಯಲ್ಲಿ ಹೀಗೆ ಇದ್ದಾಗ ಮಕ್ಕಳಲ್ಲಿ 160 ದಾಟಿದರೇ ಎಫ್‌ಎಚ್ ಎಂದು ನೋಡುತ್ತಾರೆ. ಎಂಟರಿಂದ ಹತ್ತರ ಹೊತ್ತಿಗೆ ಸಣ್ಣ ಡೋಸ್ ಶುರು ಮಾಡುವುದು ವಾಡಿಕೆಯಂತೆ. ನನ್ನ ಕೈ ನಡುಗಿತ್ತು, ಅವಳು ಅರ್ಧ ಲೋಟ ನೀರು ಕುಡಿದು ಆಡಲು ಹೋದಳು. ಈಗ 14, ಎಲ್‌ಡಿಎಲ್ 108. ಮೊದಮೊದಲು ಗೆಳತಿಯ ಮನೆಯಿಂದ ಫೋನ್ ಮಾಡಿ ‘ಅಪ್ಪಾ, ಕೇಕ್ ತಿನ್ನಬಹುದಾ?’ ಎಂದು ಪಿಸುಗುಟ್ಟುತ್ತಿದ್ದಳು. ತಿನ್ನು ಅಂದೆ. ಒಂದು ತುಂಡು ಕೇಕಿಗಿಂತ ಆ ಪಿಸುಮಾತು ನನಗೆ ಹೆಚ್ಚು ಹೆದರಿಕೆ ತಂದಿತ್ತು.

ಡೊಂಬಿವಲಿ (ಕೇಳಿದವರು):
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಮಾತ್ರೆ ಶುರು ಮಾಡಿದೆ. ಭಾನುವಾರ ಮುಲುಂಡಿನ ಅಕ್ಕನ ಮನೆಗೆ ಲ್ಯಾಬಿನ ಹುಡುಗನನ್ನು ಕರೆಸಿ ಏಳು ಜನ ಒಟ್ಟಿಗೆ ರಕ್ತ ಕೊಟ್ಟೆವು. ‘ಏನು ಸರ್, ಮನೆಯಲ್ಲಿ ಫಂಕ್ಷನ್ನಾ?’ ಎಂದು ಕೇಳಿದ. ಅಣ್ಣನ ಹಿಮ್ಮಡಿ ಹಿಡಿದು ನೋಡಿದೆ ಅಕ್ಕಾ, ನೀವು ಹೇಳಿದ ಹಾಗೇ ಇದೆ. ಇಷ್ಟು ವರ್ಷ ಶೂ ಕಚ್ಚುತ್ತದೆ ಅನ್ನುತ್ತಿದ್ದ. ಅತ್ತಿಗೆಯನ್ನು ಆಡಿಕೊಂಡ ನೆಂಟರಲ್ಲಿ ನಮ್ಮ ಚಿಕ್ಕಪ್ಪನೂ ಒಬ್ಬರು, ಅವರದ್ದು 221 ಬಂದಿದೆ. ಅತ್ತಿಗೆ ಏನೂ ಅನ್ನಲಿಲ್ಲ, ರಿಪೋರ್ಟನ್ನು ಅವರ ಮುಂದೆ ಇಟ್ಟು ಚಹಾ ತರಲು ಹೋದರು.

ಮಗಳದ್ದು 92. ಮಗನದ್ದು 184. ಅವನಿಗಿನ್ನೂ ಐದು. ಮಡಗಾಂವಿನವರೇ, ಮಾತ್ರೆಯ ವಯಸ್ಸು ಬರುವ ತನಕ ಮನೆಯ ಊಟದಲ್ಲಿ ಏನು ಇಟ್ಟುಕೊಳ್ಳಬೇಕು, ಏನು ಬಿಡಬೇಕು? ಅಷ್ಟು ಸಣ್ಣವನಿಗೆ ಹೇಗೆ ಹೇಳುವುದು? ಯಾರಿಗಾದರೂ ಅನುಭವ ಇದ್ದರೆ ಹೇಳಿ.