ಸಹಾಯ ಬೇಕು: ಮಳೆಗಾಲ ಪೂರ್ತಿ ಬೋಟ್ ಟ್ಯಾಂಕಲ್ಲಿ ಎಥನಾಲ್ ಪೆಟ್ರೋಲ್ ಬಿಡಬಹುದಾ?

ಎಲ್ರಿಗೂ ನಮಸ್ಕಾರ, ಮಲ್ಪೆ ಕಡೆ ನಮ್ದೊಂದು ಟೂರಿಸ್ಟ್ ಬೋಟಿದೆ, ಫೋರ್ ಸ್ಟ್ರೋಕ್ ಔಟ್‌ಬೋರ್ಡ್ (ಬೋಟಿನ ಹಿಂದೆ ಹೊರಗಡೆ ಕೂರಿಸೋದು), ಕಾರ್ಬ್ಯುರೇಟರ್ ಇರೋ ಪೆಟ್ರೋಲ್ ಇಂಜಿನ್. ಮಳೆ ಶುರುವಾದ್ರೆ ದಡಕ್ಕೆ ಎಳೆದಿಟ್ರೆ ಮತ್ತೆ ಇಳಿಸೋದು ಸೆಪ್ಟೆಂಬರ್ ಮೇಲೇ. ಈಗ ಬಂಕಲ್ಲಿ ಸಿಗೋದು 20% ಎಥನಾಲ್ ಪೆಟ್ರೋಲು, ಇಂಜಿನ್ ಮ್ಯಾನುಯಲ್ ತೆಗೆದ್ರೆ 10% ದಾಟ್ಬಾರ್ದು ಅಂತಿದೆ, ಎಲ್ಲಿಂದ ತರೋದು ಮಾರಾಯ್ರೆ. ಎಥನಾಲ್ ಗಾಳಿಲಿರೋ ತೇವ ಎಳ್ಕೊಳ್ಳತ್ತೆ, ನಮ್ಮೂರ ಮಳೆಗಾಲದ ಹವೆ ಅಂತೂ ಕೇಳೋದೇ ಬೇಡ. ಹೋದ ಸಲ ಟ್ಯಾಂಕಿನ ತಳದ್ದು ಗಾಜಿನ ಬಾಟ್ಲಿಗೆ ಸುರಿದು ನೋಡಿದ್ರೆ ಮೇಲೆ ಪೆಟ್ರೋಲು, ಕೆಳಗೆ ಎರಡು ಬೆರಳಷ್ಟು ಮಬ್ಬು ನೀರು, ಮಧ್ಯೆ ಗೆರೆ ಎಳೆದ ಹಾಗೆ.

ಸ್ಟೆಬಿಲೈಸರ್ ಹಾಕು ಅಂತ ಎಲ್ರೂ ಹೇಳ್ತಾರೆ, ಆದ್ರೆ ಅದು ಪೆಟ್ರೋಲ್ ಹಳಸಿ ಅಂಟಾಗೋದನ್ನ ನಿಧಾನ ಮಾಡತ್ತೆ ಅಷ್ಟೇ, ಒಮ್ಮೆ ಬೇರೆಯಾದ ನೀರನ್ನ ವಾಪಸ್ ಸೇರ್ಸಲ್ಲ ಅಲ್ವಾ? ಹಾಗಾಗಿ ಸ್ಟೆಬಿಲೈಸರ್ ಬೆರೆಸಿ, ಅದು ಕಾರ್ಬ್ಯುರೇಟರ್ ತನಕ ಹೋಗೋ ಹಾಗೆ ಸ್ವಲ್ಪ ಹೊತ್ತು ಇಂಜಿನ್ ಓಡಿಸಿ ಟ್ಯಾಂಕ್ ತುಂಬಿಡೋದಾ, ಇಲ್ಲ ಎಲ್ಲಾ ಖಾಲಿ ಮಾಡಿ ಕಾರ್ಬ್ಯುರೇಟರ್ ತಳದಲ್ಲಿ ಪೆಟ್ರೋಲ್ ನಿಲ್ಲೋ ಬೌಲಿನ ಸ್ಕ್ರೂ ಬಿಚ್ಚಿ ಒಣಗ್ಸೋದಾ? ನಂಗೆ ಎರಡನೇದೇ ಸರಿ ಅನ್ಸತ್ತೆ, ಆದ್ರೆ ರಬ್ಬರ್ ಸೀಲ್ ಒಣಗಿ ಬಿರಿಯತ್ತೆ ಅಂತ ಮೆಕ್ಯಾನಿಕ್ ಹೆದರಿಸ್ತಾನೆ. ಪೆಟ್ರೋಲಿಂದ ನೀರು ಬೇರೆ ಮಾಡೋ 10 ಮೈಕ್ರಾನ್ ವಾಟರ್ ಸೆಪರೇಟರ್ ಫಿಲ್ಟರ್ ಉಡುಪಿ ಮಂಗಳೂರು ಕಡೆ ಎಲ್ಲಿ ಸಿಗತ್ತೆ? ಬೈಕಿಗೆ ಹಾಕೋ ಎಥನಾಲ್ ಟ್ರೀಟ್‌ಮೆಂಟ್ ಬಾಟ್ಲಿ ಬೋಟಿಗೆ ಹಾಕಿ ನೋಡಿದವ್ರು ಯಾರಾದ್ರೂ ಇದ್ರೆ ದಯವಿಟ್ಟು ತಿಳ್ಸಿ, ಅಂಗಡಿಯವ್ರ ಮಾತು ಸಾಕಾಗಿದೆ.