ಆನ್‌ಲೈನ್ ಆಟಗಳಲ್ಲಿ ಇತರರ ಉಡುಪು ನಮ್ಮ ಪರದೆಯಲ್ಲಿ ಹೇಗೆ ಕಾಣಬೇಕೆಂಬ ಅಧಿಕಾರ ಯಾರದು?

ಮಂಜುಗೋಪುರ (ಪ್ರಶ್ನೆ)

ನಾನು ಬಹಳ ಕಾಲದಿಂದ ಆಡುತ್ತಿರುವ ಒಂದು ಆನ್‌ಲೈನ್ ರೋಲ್‌ಪ್ಲೇಯಿಂಗ್ (ಪಾತ್ರ ವಹಿಸಿ ಆಡುವ) ಆಟದಲ್ಲಿ ಕಥೆ, ಕೋಟೆ, ಸಂಗೀತ ಎಲ್ಲವೂ ಯುದ್ಧಕಾಲದ ಗಾಂಭೀರ್ಯವನ್ನು ಕಟ್ಟಿಕೊಡಲು ಶ್ರಮಿಸುತ್ತವೆ. ಆದರೆ ಸೇನಾಪತಿಯ ಚಿತೆಗೆ ಬೆಂಕಿ ಇಡುವ ಸನ್ನಿವೇಶದಲ್ಲಿ ಚಿತೆಯ ಪಕ್ಕದಲ್ಲೇ ಗುಲಾಬಿ ಬಣ್ಣದ ಮೊಲದ ವೇಷದವರೊಬ್ಬರು, ಈಜುಡುಗೆಯಲ್ಲಿ ಮತ್ತೊಬ್ಬರು, ಮಿಂಚುವ ರೆಕ್ಕೆಗಳಿಂದ ಅರ್ಧ ಪರದೆಯನ್ನೇ ಮುಚ್ಚುವ ಮೂರನೆಯವರು ನಿಂತಿರುತ್ತಾರೆ. ಯಾರೂ ತಮ್ಮಿಷ್ಟದ ಉಡುಪು ತೊಡಬಾರದೆಂದು ನಾನು ಹೇಳುತ್ತಿಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಇತರರನ್ನು ಮೂಲ ಉಡುಪಿನಲ್ಲಿ ತೋರಿಸು’ ಎಂಬ ಒಂದು ಆಯ್ಕೆ ಇದ್ದರೆ ಸಾಕು ಎಂಬುದಷ್ಟೇ ನನ್ನ ಕೋರಿಕೆ. ಇದನ್ನು ಗಿಲ್ಡ್‌ನಲ್ಲಿ (ಆಟದೊಳಗಿನ ನಮ್ಮ ಆಟಗಾರರ ಕೂಟದಲ್ಲಿ) ಹೇಳಿದಾಗ, ಹಣ ಕೊಟ್ಟು ಕೊಂಡದ್ದನ್ನು ಮರೆಮಾಡಲು ನೀವು ಯಾರು ಎಂಬ ಉತ್ತರ ಬಂದಿತು. ಅವರ ಪರದೆಯ ಮೇಲೆ ಅಂಗಿಯ ಒಂದು ಗುಂಡಿಯೂ ಕದಲದಿರುವಾಗ ಇದರಿಂದ ಅವರಿಗಾಗುವ ನಷ್ಟವೇನು?

ಬೆಳ್ಳಿಬಿಲ್ಲು

ನಿಮ್ಮ ಬೇಡಿಕೆ ಹೊಸದೇನಲ್ಲ. 1999ರಲ್ಲಿ ಬಂದ ಕ್ವೇಕ್ 3 ಅರೀನಾ ಎಂಬ ಶೂಟಿಂಗ್ ಆಟದಲ್ಲಿ ಸಿಜಿ_ಫೋರ್ಸ್‌ಮಾಡೆಲ್ ಎಂಬ ಕಮಾಂಡ್ ಇತ್ತು. ಅದನ್ನು ಚಾಲೂ ಮಾಡಿದರೆ ಉಳಿದವರು ಯಾವ ರೂಪವನ್ನು ಆರಿಸಿಕೊಂಡಿದ್ದರೂ ನಿಮ್ಮ ಪರದೆಯಲ್ಲಿ ಎಲ್ಲರೂ ನೀವು ಆರಿಸಿದ ಒಂದೇ ಮಾದರಿಯಲ್ಲಿ ಕಾಣುತ್ತಿದ್ದರು. ಅದನ್ನು ಅವಮಾನವೆಂದು ಭಾವಿಸಿದವರನ್ನು ನಾನು ಕಂಡಿಲ್ಲ, ಏಕೆಂದರೆ ಗುರಿ ಸ್ಪಷ್ಟವಾಗಿ ಕಾಣಬೇಕೆಂಬುದು ಆ ಆಟದ ಮೊದಲ ಅಗತ್ಯವಾಗಿತ್ತು. ಗಿಲ್ಡ್ ವಾರ್ಸ್ 2 ಕೂಡ ಎದುರು ಪಾಳೆಯದವರನ್ನು ಏಕರೂಪದ ಮಾದರಿಯಲ್ಲಿ ನೋಡುವ ಆಯ್ಕೆಯನ್ನು ನೀಡಿದೆ.

ಸ್ಪರ್ಧೆಯ ಆಟಗಳಲ್ಲಿ ಇದು ಅಭಿರುಚಿಯ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. 2007ರ ಟೀಮ್ ಫೋರ್ಟ್ರೆಸ್ 2 ಆಟದ ಒಂಬತ್ತು ಪಾತ್ರಗಳನ್ನು ದೂರದಿಂದ ಹೊರರೇಖೆ ಕಂಡರೂ ಗುರುತಿಸುವಂತೆ ರೂಪಿಸಲಾಗಿತ್ತು. ಎದುರಿಗಿರುವುದು ವೈದ್ಯನೋ ಬೆಂಕಿಯುಗುಳುವವನೋ ಎಂಬುದು ಅರೆಕ್ಷಣದಲ್ಲಿ ತಿಳಿಯದಿದ್ದರೆ ಆಡುವವನ ನಿರ್ಧಾರವೇ ತಪ್ಪುತ್ತದೆ. ಇನ್ನು ಕಾಲ್ ಆಫ್ ಡ್ಯೂಟಿ ವಾರ್‌ಜೋನ್‌ನಲ್ಲಿ ರೋಜ್ ಎಂಬ ಪಾತ್ರದ ಅಡಿಯಿಂದ ಮುಡಿಯವರೆಗೆ ಕಪ್ಪಾದ ಸ್ಕಿನ್ (ಪಾತ್ರಕ್ಕೆ ತೊಡಿಸುವ ಹೊರರೂಪ) ಮಾಡಿದ ಗೊಂದಲ ಹಲವರಿಗೆ ನೆನಪಿರಬಹುದು. ಕತ್ತಲ ಮೂಲೆಯಲ್ಲಿ ನಿಂತರೆ ಆ ಪಾತ್ರ ಕಾಣುತ್ತಲೇ ಇರಲಿಲ್ಲ. ದೂರುಗಳು ಹೆಚ್ಚಿದ ಮೇಲೆ ಅಭಿವೃದ್ಧಿಪಡಿಸಿದವರೇ ಅದರ ಬಣ್ಣವನ್ನು ತಿದ್ದಬೇಕಾಯಿತು. ಹಣ ಕೊಟ್ಟು ಕೊಂಡ ಬಟ್ಟೆಯೇ ಅಡಗುತಾಣವಾದಾಗ, ಅದನ್ನು ತೆಗೆದು ನೋಡುವ ಹಕ್ಕು ಎದುರಾಳಿಗೆ ಇರಲೇಬೇಕು. ನಿಮ್ಮ ಶ್ಮಶಾನದ ಮೊಲದ ವಿಷಯದಲ್ಲಿ ನನಗೆ ಅಷ್ಟು ಖಚಿತವಾದ ಅಭಿಪ್ರಾಯವಿಲ್ಲ, ನಗು ಮಾತ್ರ ಬಂತು.

ಏಳುಮಲ್ಲಿಗೆ

ಬೆಳ್ಳಿಬಿಲ್ಲು ಅವರು ಶೂಟಿಂಗ್ ಆಟದ ನ್ಯಾಯವನ್ನು ರೋಲ್‌ಪ್ಲೇಯಿಂಗ್ ಆಟಕ್ಕೂ ಅನ್ವಯಿಸುವಂತಿದ್ದರೆ ಅದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಉಡುಪು ಗುರಿಯ ಮೇಲಿನ ಹೊದಿಕೆ ಮಾತ್ರ. ಇಲ್ಲಿ ಅದು ಆಟದ ಅರ್ಧಭಾಗ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2011ರಲ್ಲಿ ಟ್ರಾನ್ಸ್‌ಮಾಗ್ ವ್ಯವಸ್ಥೆಯನ್ನು (ತೊಟ್ಟ ಕವಚದ ಬಲ ಹಾಗೇ ಉಳಿಸಿ ಅದಕ್ಕೆ ಬೇರೊಂದರ ರೂಪ ಕೊಡುವುದು) ತಂದ ಮೇಲೆ, ಬಲವಿಲ್ಲದಿದ್ದರೂ ಅಂದವಿರುವ ಒಂದು ಭುಜಕವಚಕ್ಕಾಗಿ ಹಳೆಯ ರೇಡ್‌ಗಳಿಗೆ (ದೊಡ್ಡ ಗುಂಪಾಗಿ ಆಡುವ ಕಾಳಗಗಳಿಗೆ) ವಾರವಾರವೂ ಹೋಗುವವರು ಎಷ್ಟೋ ಮಂದಿ ಇದ್ದಾರೆ, ನಾನೂ ಅವರಲ್ಲಿ ಒಬ್ಬಳು. ಕೈಗವಸಿನ ಕೆಂಪು ಮೇಲಂಗಿಯ ಅಂಚಿಗೆ ಹೊಂದುತ್ತದೆಯೇ, ಬೂಟಿನ ಕಂಚಿನ ಪಟ್ಟಿ ನಡುಪಟ್ಟಿಯ ಚಿನ್ನದ ಬಣ್ಣದ ಜೊತೆ ಜಗಳವಾಡುತ್ತದೆಯೇ ಎಂದು ಕುಳಿತು ನೋಡುವ ಶ್ರಮ ನನ್ನೊಬ್ಬಳ ಕನ್ನಡಿಗಾಗಿ ಅಲ್ಲ. ನಾಲ್ಕು ಜನ ನೋಡಲಿ ಎಂದೇ ಉಡುವುದು. ಅವರಲ್ಲಿ ಮೂವರಿಗೆ ನಾನು ಬೂದುಬಣ್ಣದ ಮೂಲ ಅಂಗಿಯಲ್ಲಿ ಕಾಣುತ್ತಿದ್ದೇನೆ ಎಂದಾದರೆ ನಷ್ಟವೇ ಆಗಲಿಲ್ಲ ಎನ್ನಲಾಗದು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ವಿಷಯ. ಬದಲಿಸುವ ಅಧಿಕಾರ ಎಲ್ಲಿಗೆ ನಿಲ್ಲುತ್ತದೆ? ಮಾಡ್‌ಗಳ (ಆಟವನ್ನು ಮಾರ್ಪಡಿಸಲು ಹೊರಗಿನವರು ಬರೆದ ಫೈಲ್‌ಗಳ) ಮೂಲಕ ಇತರರ ಪಾತ್ರಗಳ ಬಟ್ಟೆ ಕಳಚಿ ನೋಡುವವರು ಇದ್ದಾರೆಂಬುದು ಗುಟ್ಟೇನಲ್ಲ, ಆ ಸ್ಕ್ರೀನ್‌ಶಾಟ್‌ಗಳು ಹೊರಗೆ ಹರಡಿದಾಗ ಪಾತ್ರದ ಹೆಸರು ಮಾತ್ರ ಹಾಗೆಯೇ ಉಳಿದಿರುತ್ತದೆ. ‘ನನ್ನ ಪರದೆ, ನನ್ನ ಇಷ್ಟ’ ಎಂಬ ವಾದ ಅದನ್ನೂ ಸಮರ್ಥಿಸುತ್ತದೆಯಲ್ಲವೇ? ಮಂಜುಗೋಪುರ ಅವರು ಇದಕ್ಕೆ ಉತ್ತರಿಸಬೇಕು.

ತಂತಿವಾದ್ಯ

ಏಳುಮಲ್ಲಿಗೆ ಅವರ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿವೆ, ಅವುಗಳನ್ನು ಬಿಡಿಸಿ ನೋಡಿದರೆ ದಾರಿ ಕಾಣುತ್ತದೆ. ಸಾಮಾನ್ಯವಾಗಿ ಸರ್ವರ್ ನಮಗೆ ಕಳುಹಿಸುವುದು ಚಿತ್ರವನ್ನಲ್ಲ. ಇಂಥ ಆಟಗಾರ ಇಂಥ ಸಂಖ್ಯೆಯ ಶಿರಸ್ತ್ರಾಣ, ಇಂಥ ಸಂಖ್ಯೆಯ ಕವಚ ತೊಟ್ಟಿದ್ದಾನೆ ಎಂಬ ಮಾಹಿತಿಯನ್ನಷ್ಟೇ. ಆ ಸಂಖ್ಯೆಗೆ ತಕ್ಕ ರೂಪವನ್ನು ಬಿಡಿಸುವುದು ನಮ್ಮ ಕಂಪ್ಯೂಟರ್. ಆದ್ದರಿಂದ ನಮಗೆ ಕಾಣುವುದು ಮೊದಲಿನಿಂದಲೂ ಒಂದು ಅನುವಾದವೇ. ಗ್ರಾಫಿಕ್ಸ್ ಗುಣಮಟ್ಟ ಇಳಿಸಿದವನಿಗೆ ನಿಮ್ಮ ಕಂಚಿನ ಪಟ್ಟಿ ಈಗಲೂ ಮಸುಕಾಗಿಯೇ ಕಾಣುತ್ತದೆ. ಸೆಕೆಂಡ್ ಲೈಫ್ ಎಂಬ ಆನ್‌ಲೈನ್ ಜಗತ್ತಿನಲ್ಲಿ ಒಂದು ಅವತಾರದ (ಬಳಕೆದಾರರ ಪಾತ್ರರೂಪದ) ಚಿತ್ರಣದಿಂದ ಕಂಪ್ಯೂಟರ್ ಮೇಲೆ ಬೀಳುವ ಹೊರೆ ನೀವು ನಿಗದಿಪಡಿಸಿದ ಮಿತಿಯನ್ನು ಮೀರಿದರೆ ಅದು ಒಂದೇ ಬಣ್ಣದ ಬೊಂಬೆಯಾಗಿ ಕಾಣುತ್ತದೆ. ಅಂಥದ್ದೇ ಇನ್ನೊಂದು ಜಗತ್ತಾದ ವಿಆರ್‌ಚಾಟ್‌ನಲ್ಲಿ ಅಪರಿಚಿತರ ಅವತಾರವನ್ನು ಮರೆಮಾಡಿ ಗೆಳೆಯರದ್ದನ್ನು ಮಾತ್ರ ಪೂರ್ತಿಯಾಗಿ ತೋರಿಸುವಂತೆ ಹೊಂದಿಸಿಕೊಳ್ಳಬಹುದು. ಫೈನಲ್ ಫ್ಯಾಂಟಸಿ 14ರಲ್ಲಿ ಇತರರ ಯುದ್ಧದ ಎಫೆಕ್ಟ್‌ಗಳನ್ನು ಕಡಿಮೆ ಮಾಡಲು ಅಥವಾ ಪೂರ್ತಿ ನಿಲ್ಲಿಸಲು ಅವಕಾಶವಿದೆ. ಥಟ್ಟನೆ ಮಿನುಗುವ ಬೆಳಕಿನಿಂದ ತಲೆನೋವೋ ಅಪಸ್ಮಾರವೋ ಬರುವವರಿಗೆ ಇಂಥ ಆಯ್ಕೆ ಸೌಕರ್ಯವಲ್ಲ, ಆಟದೊಳಗೆ ಬರಲು ಬೇಕಾದ ಬಾಗಿಲು.

ಆದರೆ ಮರೆಮಾಡುವುದು ಒಂದು, ಬೇರೆಯದನ್ನು ತೊಡಿಸುವುದು ಇನ್ನೊಂದು. ಮರೆಮಾಡುವವನು ತಾನು ನೋಡುವುದನ್ನು ಕಡಿಮೆ ಮಾಡಿಕೊಳ್ಳುತ್ತಾನೆ. ತೊಡಿಸುವವನು ಇನ್ನೊಬ್ಬರ ಹೆಸರಿನ ಕೆಳಗೆ ತನ್ನ ಕಲ್ಪನೆಯನ್ನು ನಿಲ್ಲಿಸುತ್ತಾನೆ. ಬದಲಿ ರೂಪವನ್ನು ನೋಡುಗನು ಆರಿಸುವಂತಿರಬಾರದು. ಆಟ ತಯಾರಿಸಿದವರೇ ಎಲ್ಲರಿಗೂ ಒಂದೇ ಎಂಬಂತೆ ರೂಪಿಸಿಕೊಟ್ಟ, ಮೈಮುಚ್ಚುವ ಮೂಲ ಉಡುಪಾಗಿರಬೇಕು. ಹಾಗಾದರೆ ಕಳಚಿ ನೋಡುವ ಮಾಡ್‌ಗೂ ಈ ಸೆಟ್ಟಿಂಗ್‌ಗೂ ಸಂಬಂಧವೇ ಇರುವುದಿಲ್ಲ.

ಕಂಪನಿಗಳು ಹಿಂಜರಿಯುವುದಕ್ಕೆ ಕಾರಣ ಈ ಯಾವ ತತ್ತ್ವವೂ ಅಲ್ಲವೆಂದು ನನ್ನ ಅನಿಸಿಕೆ. ಉಚಿತ ಆಟಗಳ ಆದಾಯದಲ್ಲಿ ಸ್ಕಿನ್‌ಗಳ ಪಾಲು ದೊಡ್ಡದು, ಒಬ್ಬರ ಮೈಮೇಲಿನ ಸ್ಕಿನ್ ಇನ್ನೊಬ್ಬರಿಗೆ ಜಾಹೀರಾತು. ಅದನ್ನು ಮುಚ್ಚುವ ಗುಂಡಿಯನ್ನು ಅಂಗಡಿಯವನೇ ಇಡಬೇಕೆಂದು ನಾವು ಕೇಳುತ್ತಿದ್ದೇವೆ.

ಮಂಜುಗೋಪುರ

ಏಳುಮಲ್ಲಿಗೆ ಅವರೇ, ನನಗೆ ಬೇಕಾದದ್ದು ತಂತಿವಾದ್ಯ ಅವರು ಹೇಳಿದ ಮೊದಲನೆಯದು ಮಾತ್ರ. ಗೆಳೆಯರ ಪಟ್ಟಿಯಲ್ಲಿರುವವರನ್ನೂ ಪಾರ್ಟಿಯಲ್ಲಿ (ಆಡುವಾಗಿನ ತಂಡದಲ್ಲಿ) ಜೊತೆಗಿರುವವರನ್ನೂ ಅವರು ತೊಟ್ಟಂತೆಯೇ ನೋಡಲು ನಾನು ಸಿದ್ಧ. ದಾರಿಹೋಕರಿಗೆ ಮಾತ್ರ ಮೂಲ ಉಡುಪು ಸಾಕು. ಒಂದು ಅನುಮಾನ ಉಳಿದಿದೆ: ತನ್ನ ಉಡುಪು ಇಂಥವರಿಗೆ ಕಾಣುತ್ತಿಲ್ಲವೆಂಬುದು ತೊಟ್ಟವರಿಗೆ ತಿಳಿಯಬೇಕೇ?

ಏಳುಮಲ್ಲಿಗೆ

ಬೇಡ. ಯಾರು ಮರೆಮಾಡಿದ್ದಾರೆಂದು ತಿಳಿದರೆ ಅದು ಮರುದಿನದ ಗಿಲ್ಡ್ ಜಗಳವಾಗುತ್ತದೆ. ಆದರೆ ಇಂಥ ಆಯ್ಕೆ ಆಟದಲ್ಲಿ ಇದೆ ಎಂಬುದನ್ನು ಉಡುಪು ಮಾರುವ ಪುಟದಲ್ಲೇ, ಹಣ ಕೊಡುವ ಮೊದಲೇ ಬರೆದಿರಬೇಕು. ಅಷ್ಟಿದ್ದರೆ, ಗೆಳೆಯರಿಗೆ ವಿನಾಯಿತಿ ಇರುವ ಸೆಟ್ಟಿಂಗ್‌ಗೆ ನನ್ನ ವಿರೋಧವಿಲ್ಲ.